ಜೋಡಿ ಹಾಕಿದವಳು

ಜೋಡಿ ಹಾಕಿದ್ದು ಅವಳೇ. ಇನ್ನು ಯಾರನ್ನು ದೂರುವುದು?

ಊರಿನ ಹಳೆಯ ನೀರಿನ ಪೈಪುಗಳನ್ನು ಬದಲಿಸಲು ಯುವಕರ ಸಂಘದ ಜೊತೆ ವಿದೇಶದ ಸಂಸ್ಥೆಯೊಂದು ಕೈಜೋಡಿಸಿತ್ತು. ಅವರ ಕಡೆಯ ಒಬ್ಬರಿಗೆ ಸಂಘದ ಒಬ್ಬರು ಜೊತೆಗಾರರು. ಯಾರಿಗೆ ಯಾರು ಎಂಬುದು ಸಂಘದ ಕಾರ್ಯದರ್ಶಿಯಾದ ಅವಳಿಗೆ ಬಿಟ್ಟದ್ದು. ಸಂಘದ ಪ್ಲಂಬರ್‌ನನ್ನು ತನ್ನ ಹತ್ತಿರವೇ ಇಟ್ಟುಕೊಂಡರೆ ಮನಸ್ಸಿನಲ್ಲಿರುವುದು ಬಯಲಾದೀತೆಂದು ಹೆದರಿ, ಅವನನ್ನು ಆ ಸಂಸ್ಥೆಯ ಇಂಜಿನಿಯರ್ ಹುಡುಗಿಗೆ ಜೋಡಿ ಮಾಡಿದಳು.

ಈಗ ಆಫೀಸಿನ ಕಿಟಕಿಗೆ ಬಂದರೆ ಅದೇ ದೃಶ್ಯ. ರಸ್ತೆ ಬದಿಯ ಗುಂಡಿಯಲ್ಲಿ ಎರಡು ತಲೆಗಳು. ಇಂಜಿನಿಯರ್ ಕೆನ್ನೆಯ ಕೆಸರನ್ನು ಅವನು ಬೆರಳು ಮಾಡಿ ತೋರಿಸುತ್ತಾನೆ. ಆ ಹುಡುಗಿ ಬೇಕೆಂದೇ ಇನ್ನೊಂದು ಕೆನ್ನೆ ಒರೆಸಿಕೊಳ್ಳುತ್ತಾಳೆ. ಅವನು ನಗುತ್ತಾನೆ. ಸಂಘದ ಸಭೆಗಳಲ್ಲಿ ಹಲ್ಲುನೋವು ಬಂದವನಂತೆ ಕೂರುವ ಮನುಷ್ಯ.

"ಆ ಪರದೆ ಏನು ಪಾಪ ಮಾಡ್ತು, ಹಾಗೆ ಹಿಂಡ್ತಿದೀಯ?" ಎಂದಳು, ಅಲ್ಲೇ ಟೈಪಿಂಗ್ ಮಾಡುವ ಅತ್ತಿಗೆ.

"ಬಿಸಿಲು ಬರ್ತಿತ್ತು."

"ಉರೀತಿರೋದು ಬಿಸಿಲಲ್ಲ ಬಿಡು. ನೀನಾಗೇ ಬಡಿಸಿಕೊಟ್ಟು ಈಗ ತಟ್ಟೆ ಕಸ್ಕೊಳಕ್ಕಾಗತ್ತಾ?"

ಕೆಲಸ ಮುಗಿದ ಮೇಲಿನ ಸಭೆಗೆ ಸಂಸ್ಥೆಯ ಹಿರಿಯರು ಬಂದರು. ಅವರಿಗೆ ಇಲ್ಲಿನ ಭಾಷೆ ಚೆನ್ನಾಗಿ ಬರುತ್ತಿತ್ತು.

"ಈ ಜೋಡಿದು ಅಚ್ಚುಕಟ್ಟಾದ ಕೆಲಸ. ಇಬ್ಬರನ್ನೂ ಒಂದು ವರ್ಷ ಬೇರೆ ಊರುಗಳಿಗೆ ಕಳಿಸೋಣ. ಕಾರ್ಯದರ್ಶಿ ಒಪ್ಪಬೇಕು."

ಅವಳು ಪ್ಲಂಬರ್‌ನ ಮುಖ ನೋಡಿದಳು. "ಸಂಘ ಹೇಳ್ದಂಗೆ," ಎಂದನವನು, ನೆಲ ನೋಡುತ್ತ.

"ನಾನು ಒಪ್ಪಲ್ಲ."

"ಯಾಕೆ, ಕೆಲಸದಲ್ಲಿ ಏನಾದ್ರೂ ಕೊರತೆ?"

ಹತ್ತು ಸುಳ್ಳುಗಳು ನಾಲಿಗೆ ತುದಿಗೆ ಬಂದವು. ಬೀದಿಯ ನಲ್ಲಿಗಳಲ್ಲಿ ಈಗ ತಿಳಿನೀರು ಬರುತ್ತಿತ್ತು. ಅದರ ಮೇಲೆ ಹೇಗೆ ಕೆಸರೆರಚುವುದು?

"ಕೊರತೆ ಇಲ್ಲ ಸರ್. ನನಗೆ ಹೊಟ್ಟೆಕಿಚ್ಚು. ಅದಕ್ಕೇ ನನ್ನ ಮಾತು ಲೆಕ್ಕಕ್ಕೆ ತಗೋಬೇಡಿ. ಅವನನ್ನೇ ಕೇಳಿ."

ಭಾಷೆ ಬಾರದ್ದರಿಂದ ಏನಾಯಿತೆಂದು ತಿಳಿಯದ ಇಂಜಿನಿಯರ್, ಪ್ಲಂಬರ್‌ನನ್ನು ಮೊಣಕೈಯಿಂದ ತಿವಿದಳು.

ಅವನ ಕಿವಿಗಳು ಕೆಂಪಾಗಿದ್ದವು. "ಏನಾಯ್ತು ಅಂತ ನೀವೇ ಇವರ ಭಾಷೇಲಿ ಹೇಳಿ ಸರ್ ಇವರಿಗೆ. ಪೈಪು, ವಾಲ್ವು ವಿಷಯ ಆಗಿದ್ರೆ ನಾನೇ ಹೇಳ್ತಿದ್ದೆ. ಹಾಗೇ, ನಾನು ಬರಲ್ಲ ಅನ್ನೋದನ್ನೂ ಸೇರಿಸಿಬಿಡಿ."

ಎದ್ದು ಬಂದು ಅವಳ ಪಕ್ಕದ ಕುರ್ಚಿಯಲ್ಲಿ ಕುಳಿತ.

"ಆ ಕಿಟಕಿಯಿಂದ ಒಂದ್ಸಲ ಕೂಗಬಾರ್ದಿತ್ತಾ?" ಎಂದ ಮೆಲ್ಲಗೆ.

"ಕೂಗಿದ್ರೆ ಬರ್ತಿದ್ದೆಯಾ?"

"ಕೆಸರುಗಾಲಲ್ಲೇ."