ಮುಂದಿನ ಎರಡು ಚಕ್ರ

ಹನ್ನೆರಡನೇ ತಾರೀಖು ಬೆಳಿಗ್ಗೆ 10.10ಕ್ಕೆ ಆ ಹೆಂಗಸು ಠಾಣೆಗೆ ಬಂದಾಗ ಇನ್‌ಸ್ಪೆಕ್ಟರ್ ಬೂಟು ಕಳಚಿ, ನೋಯುವ ಮಂಡಿಯನ್ನು ಮೇಜಿನ ಕೆಳಗೆ ಒಂದು ಪೆಟ್ಟಿಗೆಯ ಮೇಲೆ ಚಾಚಿಕೊಂಡು ಕೂತಿದ್ದರು. ಕಾಲವಲ್ಲದ ಕಾಲದಲ್ಲಿ ಹಿಂದಿನ ದಿನವಿಡೀ ಸುರಿದ ಮಳೆಗೆ ಠಾಣೆಯ ಗೋಡೆ ನೆನೆದು, ಕಡತಗಳೆಲ್ಲ ಒಣಗದ ಬಟ್ಟೆಯ ವಾಸನೆ ಹೊಡೆಯುತ್ತಿದ್ದವು. ಹೆಂಗಸು ಅಳಲಿಲ್ಲ. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ನನ್ನ ಗಂಡ ಸತ್ತ. ಕೊಂದೋನು ಜೀಪಿನ ಡ್ರೈವರು. ಬರ್ಕೊಳ್ಳಿ,” ಎಂದಳು.

ಡ್ರೈವರನಿಗೂ ಸತ್ತವನಿಗೂ ಹಳೆಯ ಜಗಳವೇನಾದರೂ ಇತ್ತೇ ಎಂದು ದಫೇದಾರರು ಕೇಳಿದರು. ಅವರು ಠಾಣೆಯ ಹೆಡ್ ಕಾನ್‌ಸ್ಟೇಬಲ್. ಮೂವತ್ತು ವರ್ಷದಿಂದ ದೂರು ಬರೆದು ಬರೆದು ಬೆರಳು ಸೊಟ್ಟಗಾದವರು.

“ಜಗಳ ಎಲ್ಲಿಂದ ಬರುತ್ತೆ? ಅವನು ನನ್ನ ತಮ್ಮ. ಅದನ್ನೂ ಬರ್ಕೊಳ್ಳಿ.”

ದಫೇದಾರರ ಪೆನ್ನು ನಿಂತಿತು. ಇನ್‌ಸ್ಪೆಕ್ಟರ್ ಬೂಟಿಗೆ ಕಾಲು ತೂರಿಸಿದರು.

ಅವಳು ಹೇಳಿದ್ದು ಇಷ್ಟು. ಗಂಡ ನೀರಾವರಿ ಇಲಾಖೆಯ ನೌಕರ. ದಿನಾ ಜಲಾಶಯದ ಅಂಚಿಗೆ ಇಳಿದು ನೀರಿನ ಮಟ್ಟ ಓದಿಕೊಂಡು ಬರುವುದು ಅವನ ಕೆಲಸ. ತಮ್ಮ ಅದೇ ಇಲಾಖೆಯ ಏಳನೇ ನಂಬರಿನ ಜೀಪು ಓಡಿಸುತ್ತಾನೆ. ಆ ಕೆಲಸ ಕೊಡಿಸಿದ್ದೂ ಭಾವನೇ. ಹಿಂದಿನ ದಿನ ಮಧ್ಯಾಹ್ನ ಮೂರೂವರೆಗೆ ಮಟ್ಟ ಓದಿಕೊಂಡು ವಾಪಸಾಗುವಾಗ ಜೀಪು ಜೇಡಿಮಣ್ಣಿನ ದಿಬ್ಬದ ನಡುವೆ ಜಾರತೊಡಗಿತು. ಗಂಡ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಡಲು ಬಗ್ಗಿದ. ಜೀಪು ಅವನ ಮೇಲೆಯೇ ಹಿಂದಕ್ಕೆ ಬಂದು, ಕೆಳಗೆ ಹೋಗಿ ಮಗುಚಿತು. ಕಾಲುವೆ ಕೆಲಸದ ಇಬ್ಬರು ಆಳುಗಳು ನೋಡಿದ್ದಾರೆ. ಫೋರ್ ವೀಲ್ ಹಾಕಿದ್ದರೆ, ಅಂದರೆ ಇಂಜಿನ್ನಿನ ಬಲ ನಾಲ್ಕೂ ಚಕ್ರಕ್ಕೆ ಹೋಗುವಂತೆ ಲಿವರ್ ಎಳೆದಿದ್ದರೆ, ಆ ದಿಬ್ಬ ಲೆಕ್ಕಕ್ಕೇ ಇಲ್ಲವೆಂದು ಇಲಾಖೆಯವರೇ ಅವಳಿಗೆ ಹೇಳಿದ್ದರು. ತಮ್ಮ ಉದಾಸೀನ ಮಾಡಿ ಹಾಕಿಲ್ಲ, ಈಗ ಹಾಕಿದ್ದೆ ಅಂತ ಸುಳ್ಳು ಹೇಳುತ್ತಿದ್ದಾನೆ. ಸಾಯಿಸಿದ್ದಕ್ಕಿಂತ ಆ ಸುಳ್ಳೇ ಅವಳ ಹೊಟ್ಟೆ ಉರಿಸಿತ್ತು.

10.50ಕ್ಕೆ ಎಫ್‌ಐಆರ್ ದಾಖಲಾಯಿತು: ನಿರ್ಲಕ್ಷ್ಯದ ಚಾಲನೆಯಿಂದ ಸಾವು. ಆರೋಪಿಯನ್ನು ಹುಡುಕುವ ಶ್ರಮವಿರಲಿಲ್ಲ. ಹಿಂದಿನ ಸಂಜೆಯಿಂದ ಅವನು ಠಾಣೆಯ ಹಿಂಬದಿಯ ಬೆಂಚಿನ ಮೇಲೆ ತಾನಾಗಿಯೇ ಬಂದು ಕೂತಿದ್ದ. ಪ್ಯಾಂಟಿನ ಮೇಲೆ ಜೇಡಿಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಕುಡಿದಿರಲಿಲ್ಲವೆಂದು ವೈದ್ಯರ ಚೀಟಿ ಇತ್ತು.

“ಫೋರ್ ವೀಲ್ ಹಾಕಿದ್ಯಾ?”

“ಹಾಕಿದ್ದೆ ಸಾರ್.”

“ಹೆಂಗೆ ಗೊತ್ತು?”

“ಲಿವರ್ ಎಳ್ದೆ. ಮುಂದೆ ಮೀಟರ್ ಹತ್ರ ಫೋರ್ ವೀಲಿನ ಲೈಟು ಬಂತು.”

“ಮತ್ಯಾಕೆ ಹತ್ತಲಿಲ್ಲ?”

ಡ್ರೈವರ್ ತನ್ನ ಅಂಗೈ ನೋಡಿಕೊಂಡ. “ಗೊತ್ತಿಲ್ಲ ಸಾರ್. ಅದೇ ದಿಬ್ಬಾನ ಮೂರು ಮಳೆಗಾಲ ಹತ್ತಿಸಿದೀನಿ. ಗಾಡಿ ಹಿಂದಕ್ಕೆ ಬರಲ್ಲ, ಧೈರ್ಯವಾಗಿ ಕಲ್ಲು ಇಡು ಭಾವ ಅಂತ ನಾನೇ ಹೇಳ್ದೆ.” ಅದನ್ನು ಪ್ಯಾಂಟಿಗೆ ಒರೆಸಿಕೊಂಡು ಅಂದ: “ಜೈಲಿಗೆ ಹಾಕಿ ಸಾರ್, ಬೇಡ ಅನ್ನಲ್ಲ. ಲೈಟು ಬಂದಿದ್ದು ನಿಜ ಅಂತ ಅಕ್ಕಂಗೆ ಯಾರಾದ್ರೂ ಹೇಳಿದ್ರೆ ಸಾಕು.”

ಇಂಥವನ್ನು ಇನ್‌ಸ್ಪೆಕ್ಟರ್ ಸಾಕಷ್ಟು ಕೇಳಿದ್ದರು. ಸಿಕ್ಕಿಬಿದ್ದ ಪ್ರತಿ ಡ್ರೈವರನೂ ಬ್ರೇಕ್ ಹಿಡಿಯಲಿಲ್ಲ ಅನ್ನುತ್ತಾನೆ; ಇವನದು ಲೈಟು. ಟೋಪಿ ತೆಗೆದುಕೊಂಡು ಹೊರಟರು.

ಸ್ಥಳ ಪಂಚನಾಮೆ ಮಧ್ಯಾಹ್ನ 1.15ಕ್ಕೆ. ಠಾಣೆಯ ಜೀಪು ದಿಬ್ಬ ಇನ್ನೂ ಅರ್ಧ ಮೈಲಿ ಇರುವಾಗಲೇ ಕೆಸರಿನಲ್ಲಿ ಕೂತುಬಿಟ್ಟಿತು. ಲಾಂಬು ಎಂದು ಎಲ್ಲರೂ ಕರೆಯುವ ಎತ್ತರದ ಕಾನ್‌ಸ್ಟೇಬಲ್ ಇಳಿದು ಹಿಂದಿನಿಂದ ಹೆಗಲು ಕೊಟ್ಟ.

“ನಮ್ದೂ ಫೋರ್ ವೀಲೇ ಸಾರ್. ಎರಡು ಇಂಜಿನ್ನು ತಳ್ಳುತ್ತೆ, ಎರಡು ನಾನೂ ದಫೇದಾರ್ರೂ ತಳ್ತೀವಿ.”

“ನಾನು ತಳ್ಳೋದು ಬಿಟ್ಟು ಹತ್ತು ವರ್ಷ ಆಯ್ತು ಕಣೋ,” ಎಂದು ದಫೇದಾರರು ಒಳಗೇ ಕೂತರು.

ಕೊನೆಗೆ ಮೂವರೂ ನಡೆದೇ ಹೋದರು. ಇನ್‌ಸ್ಪೆಕ್ಟರರ ಮಂಡಿ ಹೆಜ್ಜೆಗೊಮ್ಮೆ ಬೈಯುತ್ತಿತ್ತು. ಮಗುಚಿದ ಜೀಪನ್ನು ಬೆಳಿಗ್ಗೆಯೇ ಹಗ್ಗ ಹಾಕಿ ಎಳೆದು ಠಾಣೆಗೆ ಸಾಗಿಸಿದ್ದರು. ಆದರೆ ದಿಬ್ಬದ ಮಧ್ಯೆ, ಅದು ಹತ್ತಲಾರದೆ ಗುದ್ದಾಡಿದ ಜಾಗ ಹಾಗೇ ಇತ್ತು. ಆಳುಗಳು ಬುದ್ಧಿವಂತರು, ಹಿಂದಿನ ಸಂಜೆಯೇ ಅದರ ಮೇಲೆ ತಗಡು ಮುಚ್ಚಿಟ್ಟಿದ್ದರು.

ಇನ್‌ಸ್ಪೆಕ್ಟರ್ ತಗಡು ಎತ್ತಿಸಿ, ಕಷ್ಟಪಟ್ಟು ಕುಕ್ಕರುಗಾಲಿನಲ್ಲಿ ಕೂತರು. ಕೆಳಗಡೆ ಹಿಂದಿನ ಚಕ್ರಗಳಿದ್ದ ಕಡೆ ಎರಡು ಗುಂಡಿ, ಮೊಣಕೈವರೆಗೆ ಇಳಿಯುವಷ್ಟು ಆಳ. ಮೇಲ್ಗಡೆ ಮುಂದಿನ ಚಕ್ರಗಳ ಜಾಗದಲ್ಲಿ ಗುಂಡಿಯೇ ಇಲ್ಲ. ಟೈರಿನ ಗೀರುಗಳು ಮೊಹರು ಒತ್ತಿದ ಹಾಗೆ ಸ್ವಚ್ಛವಾಗಿ ಮೂಡಿದ್ದವು. ಅವರು ಕಲಿತದ್ದು ಹಳ್ಳಿ ಶಾಲೆಯ ಹತ್ತು ಕ್ಲಾಸು, ಕಾನ್‌ಸ್ಟೇಬಲ್ ಆಗಿ ಸೇರಿದ ಮೇಲಿನದೆಲ್ಲ ಕೆಸರು ದಾರಿಯಲ್ಲಿ. ಇಂಜಿನ್ ತಿರುಗಿಸುವ ಚಕ್ರ ನೆಲ ಅಗೆಯುತ್ತದೆ. ಸುಮ್ಮನೆ ಉರುಳುವ ಚಕ್ರ ಅಚ್ಚು ಒತ್ತುತ್ತದೆ. ಇದಕ್ಕೆ ಓದು ಬೇಡ.

“ಮುಂದಿನವೆರಡೂ ಕೆಲ್ಸಾನೇ ಮಾಡಿಲ್ಲ,” ಎಂದರು.

“ಅಂದ್ರೆ ಅವ್ನು ಫೋರ್ ವೀಲ್ ಹಾಕಿಲ್ಲ ಅಂತಾಯ್ತಲ್ಲ ಸಾರ್,” ಎಂದರು ದಫೇದಾರರು.

“ಹಾಕಿಲ್ಲ. ಇಲ್ಲಾ, ಹಾಕಿದ್ರೂ ಬಿದ್ದಿಲ್ಲ.”

ಹದಿಮೂರನೇ ತಾರೀಖು ಡ್ರೈವರನನ್ನು ಕೋರ್ಟಿಗೆ ಹಾಜರುಪಡಿಸಿ ಮೂರು ದಿನ ಕಸ್ಟಡಿಗೆ ಪಡೆದರು. ಅಂದೇ 11 ಗಂಟೆಗೆ ವಾಹನ ತಪಾಸಣಾಧಿಕಾರಿ ಠಾಣೆಯ ಅಂಗಳಕ್ಕೆ ಬಂದು, ನಜ್ಜುಗುಜ್ಜಾದ ಜೀಪನ್ನು ಹತ್ತು ನಿಮಿಷ ಸುತ್ತಿ ವರದಿ ಬರೆದುಕೊಟ್ಟರು. ಬ್ರೇಕ್ ಸರಿಯಿದೆ. ಫೋರ್ ವೀಲ್ ಲಿವರ್ ಸರಿಯಿದೆ. ಲೈಟು ಹತ್ತುತ್ತದೆ. ಯಾಂತ್ರಿಕ ದೋಷ ಕಂಡುಬಂದಿಲ್ಲ. ಆ ಒಂದು ಹಾಳೆ ಕೋರ್ಟಿಗೆ ಹೋದರೆ ಡ್ರೈವರನ ಕತೆ ಮುಗಿದ ಹಾಗೆ. ಮೇಲಧಿಕಾರಿ ಫೋನು ಮಾಡಿ ಶುಕ್ರವಾರದೊಳಗೆ ಚಾರ್ಜ್‌ಶೀಟು ಬರಲಿ ಎಂದಿದ್ದರು; ದೂರು ಕೊಟ್ಟವಳೇ ಅಕ್ಕ, ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದೇನಿದೆ ಎಂದೂ ಕೇಳಿದ್ದರು.

ಇನ್‌ಸ್ಪೆಕ್ಟರ್ ತಪಾಸಣಾಧಿಕಾರಿಯನ್ನು ಗೇಟಿನ ಹತ್ತಿರ ಹಿಡಿದು ನಿಲ್ಲಿಸಿದರು. ಕೆಳಗೆ ಬಗ್ಗಿ ನೋಡಿದಿರಾ ಎಂದರೆ, ಕೆಸರು ಮೆತ್ತಿತ್ತು ಎಂಬ ಉತ್ತರ ಬಂತು. ತಪಾಸಣಾಧಿಕಾರಿ ಬೆರಳು ಮಡಿಸಿ ಲೆಕ್ಕ ಒಪ್ಪಿಸಿದರು. “ದಾಖಲೆಯಲ್ಲಿ ಫೋರ್ ವೀಲ್. ಹಿಂದಿನ ಬಾಗಿಲ ಮೇಲೆ ಫೋರ್ ವೀಲ್ ಅಂತ ಕೆತ್ತಿದಾರೆ. ಲಿವರ್ ಇದೆ, ಲೈಟಿದೆ. ಫೋರ್ ವೀಲ್ ಆಗೋಕೆ ಇನ್ನೇನಿರ್ಬೇಕು ಸ್ವಾಮಿ?”

“ಮುಂದಿನ ಚಕ್ರಾನೂ ತಿರುಗ್ಬೇಕು,” ಎಂದು ಶುರು ಮಾಡಿದ ಇನ್‌ಸ್ಪೆಕ್ಟರ್ ಆಮೇಲೆ ಅಂದದ್ದು ಇಲ್ಲಿ ಬರೆಯುವಂಥದ್ದಲ್ಲ. ಅಂದು ಮುಗಿಸಿದ ಮೇಲೆ ಅವರಿಗೇ ಸುಸ್ತಾಯಿತು.

2.20ಕ್ಕೆ ಲಾಂಬು ಗೋಣಿಚೀಲ ಹಾಸಿಕೊಂಡು ಜೀಪಿನ ಕೆಳಗೆ ತೂರಿದ. ಉದ್ದಕ್ಕೆ ಕಾಲು ಮಾತ್ರ ಹೊರಗಿತ್ತು. ಗಾಡಿಯ ಹೊಟ್ಟೆಗೆ ಕಲ್ಲು ತಾಗದಿರಲೆಂದು ಹಾಕಿದ ತಗಡಿನ ಕವಚ ಬಿಚ್ಚುವುದಕ್ಕೇ ಅರ್ಧ ಗಂಟೆ ಹಿಡಿಯಿತು.

“ಸಾರ್, ಇಲ್ಲಿ ಒಂದು ಶಾಫ್ಟ್ ಇರ್ಬೇಕಿತ್ತು. ಇಲ್ಲ.”

ಗೇರ್ ಪೆಟ್ಟಿಗೆಯಿಂದ ಮುಂದಿನ ಚಕ್ರಗಳಿಗೆ ಬಲ ಒಯ್ಯುವ, ತೋಳಿನಷ್ಟು ಉದ್ದದ ಕಬ್ಬಿಣದ ಕೊಳವೆ ಅದು. ಅದಿಲ್ಲದಿದ್ದರೂ ಲಿವರ್ ಬೀಳುತ್ತದೆ, ಲೈಟೂ ಹತ್ತುತ್ತದೆ. ಲೈಟಿಗೆ ಗೊತ್ತಿರುವುದು ಲಿವರ್ ಒಂದೇ. ಚಕ್ರದ ಸುದ್ದಿ ಅದಕ್ಕೆ ತಲುಪುವುದೇ ಇಲ್ಲ. ಡ್ರೈವರ್ ಹೇಳಿದ್ದು ನಿಜವಾಗಿತ್ತು.

ಇನ್‌ಸ್ಪೆಕ್ಟರ್ ಮಂಡಿ ಲೆಕ್ಕಿಸದೆ ತಾವೇ ಕೆಳಗೆ ತೂರಿ ಟಾರ್ಚು ಬಿಟ್ಟರು. ಶಾಫ್ಟ್ ಕೂರುವ ಎರಡೂ ತುದಿಗಳಲ್ಲಿ ನಾಲ್ಕು ನಾಲ್ಕು ಬೋಲ್ಟುಗಳು ತಮ್ಮ ತಮ್ಮ ತೂತುಗಳಲ್ಲೇ ಇದ್ದವು. ಪ್ರತಿಯೊಂದಕ್ಕೂ ವಾಷರು, ನಟ್ಟು. ಒಳಗೆ ಧೂಳು ಹೋಗದಂತೆ ಬಾಯಿಗೆ ಪ್ಲಾಸ್ಟಿಕ್ ಸುತ್ತಿ, ಹಳೆ ಟ್ಯೂಬಿನ ಪಟ್ಟಿಯಿಂದ ಕಟ್ಟಿತ್ತು.

“ಕಳ್ಳ ಆಗಿದ್ರೆ ಬೋಲ್ಟೂ ಹೊತ್ಕೊಂಡು ಹೋಗ್ತಿದ್ದ,” ಎಂದರು ದಫೇದಾರರು. “ಇದು ಕೆಲ್ಸ ಗೊತ್ತಿರೋನು ಮಾಡಿದ್ದು ಸಾರ್. ವಾಪಸ್ ಹಾಕೋ ಮನಸ್ಸೂ ಇತ್ತು ಅವನಿಗೆ.”

ಹದಿನಾಲ್ಕರ ಬೆಳಿಗ್ಗೆ 9.30ಕ್ಕೆ ಸರ್ಕಾರಿ ವರ್ಕ್‌ಶಾಪು. ನೀರಾವರಿ, ಆರೋಗ್ಯ, ರಸ್ತೆ, ಎಲ್ಲ ಇಲಾಖೆಗಳ ಗಾಡಿಗಳೂ ಅಲ್ಲಿಗೇ ಬರಬೇಕು. ಬಿಡಿಭಾಗ ಕೇಳಿದರೆ ಬರುವುದಿಲ್ಲ. ಆದ್ದರಿಂದ ನಿಂತ ಗಾಡಿಯಿಂದ ಬಿಚ್ಚಿ ಓಡುವ ಗಾಡಿಗೆ ಹಾಕುವುದೇ ಅಲ್ಲಿನ ರೂಢಿ. ಹಿತ್ತಲಲ್ಲಿ ಇಂಜಿನ್ನಿಲ್ಲದ, ಬಾಗಿಲಿಲ್ಲದ ಏಳೆಂಟು ಗಾಡಿಗಳು ನಿಂತಿದ್ದವು. ಇನ್‌ಸ್ಪೆಕ್ಟರ್ ಒಂದೊಂದನ್ನೇ ನೋಡುತ್ತಾ ಹೋದರು. ಭಾಗ ಹೋಗಿತ್ತು, ಬೋಲ್ಟು ಹೋಗಿರಲಿಲ್ಲ. ಪ್ರತಿ ತೂತಿನಲ್ಲೂ ಅದರದೇ ಬೋಲ್ಟು. ಇದು ಯಾರ ಶಿಸ್ತು ಎಂದು ವೆಲ್ಡಿಂಗಿನವನನ್ನು ಕೇಳಿದರೆ, ಅವನು ನಕ್ಕು, ಮೇಸ್ತ್ರಿಯದು, ಒಂದು ಬೋಲ್ಟು ಕೆಳಗೆ ಬಿದ್ದಿದ್ದರೆ ಊಟಕ್ಕೆ ಬಿಡುವುದಿಲ್ಲ ಎಂದ.

ಮೇಸ್ತ್ರಿ ಐವತ್ತರ ಆಸುಪಾಸಿನ, ಮಾತು ಕಮ್ಮಿಯ ಮನುಷ್ಯ. ಹೋದ ತಿಂಗಳು ಮೂರನೇ ತಾರೀಖಿನ ರಿಜಿಸ್ಟರಿನಲ್ಲಿ ಎರಡು ಗಾಡಿಗಳಿದ್ದವು: ಏಳನೇ ನಂಬರಿನ ಜೀಪು, ಸರ್ವಿಸ್; ಮೇಲಿನ ಗುಡ್ಡದ ಆಸ್ಪತ್ರೆಯ ಆಂಬ್ಯುಲೆನ್ಸ್, ಗ್ರೀಸ್. ಎರಡೂ ಒಂದೇ ಕಂಪನಿಯವು. ಬೇಡಿಕೆ ಪುಸ್ತಕದಲ್ಲಿ ಆಂಬ್ಯುಲೆನ್ಸಿಗೆ ಮುಂದಿನ ಶಾಫ್ಟ್ ಬೇಕೆಂದು ಹನ್ನೊಂದು ಸಲ ಬರೆದಿತ್ತು. ಹನ್ನೊಂದರ ಎದುರಿಗೂ ಒಂದೇ ಮಾತು: ಬಂದಿಲ್ಲ.

“ಏಳನೇ ನಂಬರಿನ ಮುಂದಿನ ಶಾಫ್ಟ್ ಎಲ್ಲಿ?”

“ನೋಡ್ಬೇಕು ಸಾರ್,” ಎಂದ ಮೇಸ್ತ್ರಿ. ಆದರೆ ನೋಡಲು ಹೋಗಲಿಲ್ಲ. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಳ್ಳುತ್ತಾ ನಿಂತ.

ಇನ್‌ಸ್ಪೆಕ್ಟರ್ ಲಾಂಬುವನ್ನು ಗೇಟಿನಲ್ಲಿ ಬಿಟ್ಟು, ದಫೇದಾರರೊಂದಿಗೆ ಗುಡ್ಡಕ್ಕೆ ಹೊರಟರು. ಠಾಣೆಯ ಜೀಪು ಬುಡದಲ್ಲೇ ಕೈಚೆಲ್ಲಿತು. ಆಸ್ಪತ್ರೆಗೆ ಫೋನು ಮಾಡಿದಾಗ ಆ ಆಂಬ್ಯುಲೆನ್ಸೇ ಕೆಳಗೆ ಬಂತು. ಗೇಣುದ್ದ ಕೆಸರು, ಮೊಣಕಾಲುದ್ದದ ಕೊರಕಲು. ಗಾಡಿ ನಾಲ್ಕೂ ಚಕ್ರದಿಂದ ನೆಲ ಕಚ್ಚಿಕೊಂಡು, ಅವಸರವಿಲ್ಲದೆ ಹತ್ತಿತು. ಫೋರ್ ವೀಲ್ ಅಂದರೆ ಏನೆಂದು ಇನ್‌ಸ್ಪೆಕ್ಟರಿಗೆ ಅವತ್ತು ಬೆನ್ನಿಗೆ ಗೊತ್ತಾಯಿತು. ತಾವು ಯಾವುದರ ಮೇಲೆ ಕೂತಿದ್ದೇವೆಂದೂ ಗೊತ್ತಿತ್ತು.

12.40ಕ್ಕೆ ಪಂಚರ ಎದುರು ಕೆಳಗೆ ಬಗ್ಗಿ ನೋಡಿದರು. ಶಾಫ್ಟಿನ ಮೇಲೆ ವರ್ಕ್‌ಶಾಪಿನವರು ಹಳದಿ ಬಣ್ಣದಲ್ಲಿ ಬರೆದ ಗಾಡಿ ನಂಬರು ಹಾಗೇ ಇತ್ತು: ಏಳು.

ಆಸ್ಪತ್ರೆಯ ಹೆರಿಗೆ ನರ್ಸ್ ಬಾಗಿಲಲ್ಲಿ ನಿಂತಿದ್ದಳು. ಮೂವತ್ತರ ಹೆಣ್ಣು. ಈ ಶಾಫ್ಟ್ ಯಾರು ಹಾಕಿದ್ದೆಂದು ಕೇಳಿದರೆ ಅವಳ ಮುಖ ಅರಳಿತು.

“ನಮ್ಮಣ್ಣ. ವರ್ಕ್‌ಶಾಪಿನ ಮೇಸ್ತ್ರಿ. ಇದಕ್ಕೂ ಮುಂಚೆ ಒಂದ್ಸಲ ಬಸುರೀನ ಮಲಗಿಸ್ಕೊಂಡು ಇಳೀತಾ ಗಾಡಿ ಜಾರಿ ಅಂಚಿಗೆ ಹೋಗಿತ್ತು ಸಾರ್. ಒಂದು ಮರ ತಡೀತು. ಅಣ್ಣಂಗೆ ನಗ್ತಾ ಹೇಳಿದ್ದೆ. ಅವನು ಒಂದು ವಾರ ಮಾತೇ ಆಡಲಿಲ್ಲ. ಅಪ್ಪ ಅಮ್ಮ ಹೋದ್ಮೇಲೆ ನನ್ನ ಸಾಕಿದ್ದು ಅವನೇ.”

ಇನ್‌ಸ್ಪೆಕ್ಟರಿಗೆ ಸುತ್ತಿ ಬಳಸಿ ಹೇಳಲು ಬರುತ್ತಿರಲಿಲ್ಲ. ಶಾಫ್ಟ್ ಎಲ್ಲಿಂದ ಬಂತು, ಅದರಿಂದ ಮೊನ್ನೆ ಏನಾಯಿತು ಎಂಬುದನ್ನು ಹಾಗೇ ಹೇಳಿದರು. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ಬಿಚ್ಕೊಂಡು ಹೋಗಿ,” ಎಂದಳು ಕೊನೆಗೆ. “ಈಗ್ಲೇ. ನಾನು ಇದ್ರಲ್ಲಿ ಕೂರಲ್ಲ.”

“ನೀನು ಕೂರಲ್ಲ ಅಂದ್ರೆ ಹೆರೋಳ ಜೊತೆ ಯಾರು ಬರ್ತಾರಮ್ಮ, ನಾನಾ?” ಎಂದು ರೇಗಿದ ಇನ್‌ಸ್ಪೆಕ್ಟರ್, ತಕ್ಷಣ ದನಿ ಇಳಿಸಿದರು. ಕಾನೂನು ಪ್ರಕಾರ ಅದು ಮುದ್ದೆಮಾಲು, ಕೇಸಿನ ಸಾಕ್ಷ್ಯ; ಬಿಚ್ಚಿ ಒಯ್ಯಬೇಕು. ಅವರು ಫೋಟೋ ತೆಗೆಸಿ, ಅಳತೆ ಬರೆಸಿ, ಕೋರ್ಟು ಕೇಳಿದಾಗ ಹಾಜರುಪಡಿಸುತ್ತೇವೆಂದು ಆಸ್ಪತ್ರೆಯ ವೈದ್ಯರಿಂದ ಮುಚ್ಚಳಿಕೆ ಬರೆಸಿಕೊಂಡು, ಇದ್ದ ಜಾಗದಲ್ಲೇ ಬಿಟ್ಟರು. ಮೇಲಧಿಕಾರಿಯ ಬೈಗುಳ ಎಷ್ಟು ಹೊತ್ತು ನಡೆಯಬಹುದೆಂದು ದಫೇದಾರರು ಮನಸ್ಸಿನಲ್ಲೇ ಅಂದಾಜು ಹಾಕಿದರು.

4.30ಕ್ಕೆ ವರ್ಕ್‌ಶಾಪಿಗೆ ಮರಳಿದಾಗ ಮೇಸ್ತ್ರಿ ಕೈ ತೊಳೆದು, ಒಗೆದ ಅಂಗಿ ಹಾಕಿಕೊಂಡು ಸ್ಟೂಲಿನ ಮೇಲೆ ಕೂತಿದ್ದ.

“ಡ್ರೈವರಿಗೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ವಾಪಸ್ ಹಾಕು ಅಂತಿದ್ದ. ಅವನ ಗಾಡೀದೇ ಅಲ್ವಾ ಸಾರ್.”

“ಚೆಕ್ ಶೀಟಲ್ಲಿ ಫೋರ್ ವೀಲ್ ಸರಿಯಿದೆ ಅಂತ ಸಹಿ ಹಾಕಿದೀಯ.”

“ಶೀಟಲ್ಲಿರೋದು ಲೈಟು ಬರುತ್ತಾ ಅಂತ. ಬರ್ತಿತ್ತು.” ಅವನು ತಲೆ ತಗ್ಗಿಸಿದ. “ಮಳೆಗಾಲಕ್ಕೆ ಎರಡು ತಿಂಗಳಿತ್ತು. ಒಣ ನೆಲದಲ್ಲಿ ಏಳನೇದಕ್ಕೆ ಫೋರ್ ವೀಲ್ ಬೇಕಾಗಲ್ಲ ಅಂದ್ಕೊಂಡೆ. ಅಷ್ಟರೊಳಗೆ ಹೊಸಾದು ಬರುತ್ತೆ, ಹಾಕ್ಬಿಡ್ತೀನಿ ಅಂತ.”

“ನಂಬರ್ ಯಾಕೆ ಕೆರೆದು ಹಾಕಲಿಲ್ಲ?”

ಆ ಪ್ರಶ್ನೆಯೇ ಅವನಿಗೆ ಅರ್ಥವಾಗಲಿಲ್ಲವೇನೋ. “ಅದು ಏಳನೇದು ಸಾರ್,” ಎಂದ.

5.05ಕ್ಕೆ ಅವನನ್ನು ಬಂಧಿಸಲಾಯಿತು. ಜೀಪು ಹತ್ತುವಾಗ ಒಂದೇ ಒಂದು ಮಾತು ಕೇಳಿದ: ಅದನ್ನು ಬಿಚ್ಚಿದಿರಾ? ಇಲ್ಲ ಎಂದರು ಇನ್‌ಸ್ಪೆಕ್ಟರ್.

ಹದಿನೈದರಂದು 11.30ಕ್ಕೆ ಡ್ರೈವರನ ಬಿಡುಗಡೆಯ ಆದೇಶ ಬಂತು. ಅಕ್ಕನಿಗೂ ಹೇಳಿಕಳುಹಿಸಿದ್ದರು. ಇನ್‌ಸ್ಪೆಕ್ಟರ್ ಅವಳಿಗೆ ಮೊದಲು ಹೇಳಿದ್ದು, ಲೈಟು ಬಂದದ್ದು ನಿಜ ಎಂದು. ಉಳಿದದ್ದನ್ನು ಆಮೇಲೆ ಹೇಳಿದರು. ಇವತ್ತು ಅವಳು ಕುರ್ಚಿಯಲ್ಲಿ ಕೂತಳು. ತಮ್ಮ ಬೆಂಚಿನ ಹತ್ತಿರ, ಅದೇ ಕೆಸರಿನ ಪ್ಯಾಂಟಿನಲ್ಲಿ, ಗೋಡೆ ನೋಡುತ್ತಾ ನಿಂತಿದ್ದ.

“ಆ ಮೇಸ್ತ್ರಿ ಯಾಕೆ ಹಂಗೆ ಮಾಡ್ದ?” ಎಂದು ಅವಳು ಕೇಳಿದಳು.

“ಅವನ ತಂಗಿ ಆ ಆಸ್ಪತ್ರೆ ಗಾಡೀಲಿ ಓಡಾಡ್ತಾಳೆ.”

ಅವಳು ಬಹಳ ಹೊತ್ತು ಸೆರಗಿನ ಅಂಚನ್ನು ಮಡಿಸುತ್ತಾ, ಬಿಚ್ಚುತ್ತಾ ಕೂತಿದ್ದಳು. ಹೊರಗೆ ಮತ್ತೆ ಹನಿಯತೊಡಗಿತ್ತು. ದಫೇದಾರರು ಎದ್ದು ಕಿಟಕಿ ಮುಚ್ಚಿದರು.

“ಈಗ ಹತ್ತುತ್ತಾ ಆ ಗಾಡಿ, ಗುಡ್ಡ?”

“ಹತ್ತುತ್ತೆ.”

ಅವಳು ಎದ್ದು, ತಮ್ಮನ ಹತ್ತಿರ ಹೋಗಿ, ಅವನ ಪ್ಯಾಂಟಿಗೆ ಮೆತ್ತಿಕೊಂಡಿದ್ದ ಒಣಗಿದ ಜೇಡಿಮಣ್ಣನ್ನು ಉಗುರಿನಿಂದ ಒಂದಿಷ್ಟು ಕೆರೆದಳು. ಅದು ಬರುವಂತೆ ಕಾಣಲಿಲ್ಲ.

“ನಡಿ, ಮನೆಗೆ,” ಎಂದಳು.