ಮೂವತ್ತೆರಡು ತಿದ್ದುಪಡಿಗಳು

ಆಟದ ನಿಯಮಗಳ ಮೂವತ್ತೆರಡನೆಯ ತಿದ್ದುಪಡಿಯ ಹಾಳೆಯನ್ನು ಅವನು ಮೇಜಿನ ಮೇಲಿಟ್ಟು, ಫ್ಯಾನಿನ ಗಾಳಿಗೆ ಹಾರದಿರಲೆಂದು ಅದರ ಮೇಲೊಂದು ದಾಳ ಇಟ್ಟ. ಆ ದಾಳವನ್ನೆತ್ತಿ ಅವನ ತಲೆಗೇ ಎಸೆಯಬೇಕು ಅನ್ನಿಸಿತು ಅವಳಿಗೆ.

"ಇವತ್ತಿಂದ ಜಾರಿ," ಎಂದ.

"ಯಾರ ಮೇಲೆ?" ಎಂದಳು. "ಆ ಕುರ್ಚಿಗಳ ಮೇಲಾ?"

ಮುದ್ರಣಾಲಯದ ಮಹಡಿಯ ಆ ಕೋಣೆಯಲ್ಲಿ ಹದಿನಾಲ್ಕು ಕುರ್ಚಿಗಳಿದ್ದವು. ಎರಡು ವರ್ಷದ ಹಿಂದೆ ಪ್ರತಿ ಶನಿವಾರ ಮಧ್ಯಾಹ್ನ ಹದಿನಾಲ್ಕೂ ತುಂಬುತ್ತಿದ್ದವು. ಆಮೇಲೆ ಒಬ್ಬೊಬ್ಬರಾಗಿ ಆಟ ಬಿಟ್ಟರು. ಒಬ್ಬರು ಬಿಟ್ಟಾಗಲೆಲ್ಲ ಮುದ್ರಣಾಲಯದ ಯಜಮಾನ ಖಾಲಿಯಾದ ಕುರ್ಚಿಯ ಮೇಲೆ ಒಂದು ಕಾಗದದ ಬಂಡಲು ತಂದಿಡುತ್ತಿದ್ದ. ಈಗ ಹನ್ನೊಂದು ಬಂಡಲುಗಳು ಸಭೆಗೆ ಬಂದವರ ಹಾಗೆ ಸುಮ್ಮನೆ ಕೂತಿದ್ದವು. ಉಳಿದವರು ಮೂವರು: ಅವನು, ಅವಳು, ಮತ್ತು ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದ ಒಬ್ಬ ಅಜ್ಜ. ತಿಂಗಳ ಕೊನೆಗೂ ಮೂವರೇ ಆದರೆ ಕೋಣೆಯನ್ನು ಗೋದಾಮು ಮಾಡುತ್ತೇನೆಂದು ಯಜಮಾನ ಮೆಟ್ಟಿಲ ಬಳಿ ನಿಲ್ಲಿಸಿ ಹೇಳಿಯಾಗಿತ್ತು.

"ಅಜ್ಜಾ, ನೀವಾದ್ರೂ ಓದ್ತೀರಾ ಇದನ್ನ?"

"ನಾನು ನಾಲ್ಕನೇ ತಿದ್ದುಪಡಿಲೇ ಇಳ್ಕೊಂಡೆ ಮಗಳೇ," ಎಂದರು ಅಜ್ಜ ಕಣ್ಣು ಮುಚ್ಚಿಕೊಂಡೇ. "ಗಾಡಿ ಮುಂದೆ ಹೋಯ್ತು. ನಾನು ಪ್ಲಾಟ್‌ಫಾರ್ಮಲ್ಲಿ ಕೂತಿದೀನಿ."

ಆಟ ಅವನೇ ಕಟ್ಟಿದ್ದು. ಒಬ್ಬೊಬ್ಬರಿಗೆ ಬೆರಳುದ್ದದ ಆರು ಬೊಂಬೆಗಳು. ಮೇಜಿನ ಮೇಲೆ ರಟ್ಟಿನಿಂದ ಮಾಡಿದ ಒಂದು ಪಾಳು ಊರು, ನಡುವೆ ನದಿ, ಸೇತುವೆ, ಪಕ್ಕದಲ್ಲಿ ಗೋಪುರ. ಟೇಪಿನಲ್ಲಿ ಅಳೆದು ಬೊಂಬೆ ನಡೆಸಬೇಕು, ದಾಳ ಹಾಕಿ ಹೊಡೆಯಬೇಕು, ಕೊನೆಗೆ ಸೇತುವೆ ಯಾರ ಕೈಯಲ್ಲಿದೆಯೋ ಅವರು ಗೆದ್ದಂತೆ. ಮೊದಲಿಗೆ ನಿಯಮಗಳೆಲ್ಲ ನಾಲ್ಕೇ ಪುಟ. ಆ ನಾಲ್ಕು ಪುಟ ಓದಿದ ದಿನವೇ ಅವಳು ಮನಸ್ಸು ಕೊಟ್ಟಿದ್ದಳು. ಆಟಕ್ಕೆ ಎಂದುಕೊಂಡಿದ್ದಳು ಆಗ.

ಅವನು ಲಿಫ್ಟ್ ಇನ್‌ಸ್ಪೆಕ್ಟರ್. ಎಲ್ಲರೂ ಕರೆಯುತ್ತಿದ್ದುದು ಲಿಫ್ಟಪ್ಪ ಎಂದು. ಅವಳು ಹಲ್ಲಿನ ಲ್ಯಾಬಿನಲ್ಲಿ ಪಿಂಗಾಣಿ ಹಲ್ಲು ಮಾಡುವವಳು. ಪಕ್ಕದ ಹಲ್ಲಿನ ಬಣ್ಣಕ್ಕೆ ಸರಿಹೊಂದುವಂತೆ ಪದರದ ಮೇಲೆ ಪದರ ಹಚ್ಚಿ, ಕುಲುಮೆಯಲ್ಲಿ ಸುಡುವುದು ಅವಳ ಕೆಲಸ. ಆ ಕೈಯಿಂದಲೇ ಅವಳು ಬೊಂಬೆಗಳಿಗೂ ಬಣ್ಣ ಹಚ್ಚುತ್ತಿದ್ದಳು. ನೀಲಿ ಮೇಲಂಗಿಯ ಅವಳ ಬಿಲ್ಲುಗಾತಿಗೆ ಹುಬ್ಬು ಕೂಡ ಇತ್ತು. ಅವನ ಎಡಗಡೆಯ ಮುಂದಿನ ಹಲ್ಲು ಉಳಿದವಕ್ಕಿಂತ ಅರ್ಧ ಛಾಯೆ ಗಾಢವೆಂಬುದು ಪ್ರಪಂಚದಲ್ಲಿ ಅವಳೊಬ್ಬಳಿಗೇ ಗೊತ್ತಿದ್ದಿರಬೇಕು. ಅವನು ನಕ್ಕಾಗೆಲ್ಲ ಲ್ಯಾಬಿನ ಬಣ್ಣದ ಪಟ್ಟಿಯಲ್ಲಿ ಆ ಹಲ್ಲಿನ ಛಾಯೆಗಿರುವ ನಂಬರು ತಾನಾಗಿ ಅವಳ ನಾಲಿಗೆಗೆ ಬಂದು ನಿಲ್ಲುತ್ತಿತ್ತು.

ಇವತ್ತು ಅವನು ನಗಲಿಲ್ಲ.

"ಜನ ಯಾಕೆ ಬಿಡ್ತಿದಾರೆ ಅಂತ ಒಂದು ದಿನ ಕೇಳಿದೀರಾ?" ಎಂದಳು.

"ಕೇಳ್ದೆ. ಕೆಲಸ ಜಾಸ್ತಿ ಅಂದ್ರು."

"ಹನ್ನೊಂದು ಜನಕ್ಕೂ?"

ಅವನು ದಾಳವನ್ನು ಹಾಳೆಯ ಸರಿಯಾಗಿ ನಡುವಿಗೆ ಸರಿಸಿದ. ಅವಳ ಮುಖ ನೋಡಿದ, ಅವಳ ಪಕ್ಕದಲ್ಲಿದ್ದ ಬ್ರಶ್ಶಿನ ಡಬ್ಬಿ ನೋಡಿದ, ಮತ್ತೆ ಮುಖ ನೋಡಿದ.

"ನೀವು ಬಿಡಲ್ಲ ತಾನೇ?"

ಎಷ್ಟು ಮೆಲ್ಲಗೆ ಕೇಳಿದನೆಂದರೆ, ಅವಳಿಗೆ ಇನ್ನೂ ಸಿಟ್ಟು ಬಂತು. ಹಾಳೆಯನ್ನು ಓದದೆ ಮಡಚಿ ನೋಟ್‌ಬುಕ್ಕಿನಲ್ಲಿ ತುರುಕಿಕೊಂಡು ಎದ್ದಳು.

ಆ ವಾರ ಅವಳು ಲ್ಯಾಬ್ ಮುಗಿಸಿ ಆಟ ಬಿಟ್ಟವರ ಮನೆಗಳಿಗೆ ಹೋದಳು. ಮೊದಲು ಸ್ವಂತ ಅಣ್ಣನ ಮನೆಗೆ.

"ಮೊಣಕಾಲು ನೋವು ಕಣೇ," ಎಂದ ಅಣ್ಣ.

"ಕೂತ್ಕೊಂಡು ಆಡೋ ಆಟಕ್ಕೆ ಮೊಣಕಾಲಾ?"

"ಮೆಟ್ಟಿಲಿದ್ಯಲ್ಲ."

"ನಿನ್ನ ಮನೆ ಮೂರನೇ ಮಹಡಿಲಿದೆ ಅಣ್ಣಾ."

ಅಣ್ಣ ಗೋಡೆಯ ಗಡಿಯಾರ ನೋಡಿದ. ಅತ್ತಿಗೆ ಒಳಗಿನಿಂದ ಕಿಸಕ್ಕನೆ ನಕ್ಕಳು. ಆದರೆ ಇಬ್ಬರೂ ಬಾಯಿ ಬಿಡಲಿಲ್ಲ. ಬ್ಯಾಂಕಿನ ಗುಮಾಸ್ತ ಕಣ್ಣಿನ ನೆಪ ಹೇಳಿದ. ಔಷಧಿ ಅಂಗಡಿಯ ಅವಳಿ ಸೋದರರು ಒಬ್ಬರನ್ನೊಬ್ಬರು ತೋರಿಸಿದರು. ನಿಜ ಹೇಳಿದವರು ಟೈಲರಕ್ಕ ಮಾತ್ರ. ತುಟಿಯ ನಡುವೆ ಗುಂಡುಪಿನ್ನು ಹಿಡಿದು ಯಾರದೋ ಕೋಟಿನ ತೋಳು ಜೋಡಿಸುತ್ತ, ಅವಳ ಕಡೆ ತಿರುಗದೆ ಹೇಳಿದರು.

"ಎರಡು ವಾರ ಕೂತು ಯೋಚನೆ ಮಾಡಿದ್ದೆ ನಾನು. ಪೇಪರ್ ಕತ್ತರಿಸಿ ಆ ಮೇಜಿನ ನಕ್ಷೆ ಮಾಡ್ಕೊಂಡಿದ್ದೆ. ಗೋಪುರಕ್ಕೆ ಹಿಂದಿನಿಂದ ಹತ್ತಿ ನಿನ್ನ ಬಿಲ್ಲುಗಾತಿನ ಹೊಡೆದೆ, ನೆನಪಿದ್ಯಾ?"

"ಮರೆಯೋಕಾಗುತ್ತಾ ಅಕ್ಕಾ. ಎಂಥ ಏಟು ಅದು. ಮನೆಗೆ ಹೋಗಿ ಎಲ್ಲರಿಗೂ ಹೇಳಿದ್ದೆ."

"ಮುಂದಿನ ಶನಿವಾರ ಹಾಳೆ ಬಂತು. ಗೋಪುರಕ್ಕೆ ಹಿಂದಿನಿಂದ ಹತ್ತೋ ಹಾಗಿಲ್ಲ." ಅಕ್ಕ ಒಂದು ಪಿನ್ನು ಚುಚ್ಚಿದರು. "ಸೋತಿದ್ದಕ್ಕೆ ಯಾರೂ ಆಟ ಬಿಡಲ್ಲಮ್ಮ. ನಾನು ಆರು ತಿಂಗಳು ಸೋತೇ ಆಡಿದೀನಿ. ಗೆದ್ದಿದ್ದು ತಪ್ಪು ಅಂತ ಕಾಗದದಲ್ಲಿ ಬರೆದುಕೊಟ್ರೆ ಮಾತ್ರ, ಇಲ್ಲಿ ನಂಗೇನು ಕೆಲಸ ಅನ್ಸುತ್ತೆ."

"ಅದು ಎಲ್ಲರಿಗೂ ಆಗಿದ್ದೇ ಅಲ್ವಾ?"

"ಎಲ್ಲರಿಗೂ ಆಗಿದ್ದೇ. ಯಾವಾಗ್ಯಾವಾಗ ಆಯ್ತು ಅಂತ ನಿನ್ನ ಆ ನೋಟ್‌ಬುಕ್ಕಲ್ಲೇ ನೋಡ್ಕೋ. ನನ್ನ ಬಾಯಲ್ಲಿ ಯಾಕೆ ಹೇಳಿಸ್ತೀಯ?"

ಮರುದಿನ ಊಟದ ಬಿಡುವಿನಲ್ಲಿ, ಒಂದು ಹಲ್ಲನ್ನು ಕುಲುಮೆಗಿಟ್ಟು ಅವಳು ನೋಟ್‌ಬುಕ್ಕು ಬಿಚ್ಚಿದಳು. ಪ್ರತಿ ಆಟದ ತಾರೀಖು, ಎದುರಾಳಿ, ಫಲಿತಾಂಶ ಬರೆದಿಡುವುದು ಕಾಲೇಜಿನ ಪ್ರಯೋಗಶಾಲೆಯಿಂದ ಬಂದ ಅಭ್ಯಾಸ. ತಿದ್ದುಪಡಿಗಳನ್ನೂ ಅದರಲ್ಲೇ ಇಟ್ಟಿದ್ದಳು. ಒಂದೊಂದಾಗಿ ಓದಿದಾಗ ಪ್ರತಿಯೊಂದೂ ನ್ಯಾಯವಾಗಿಯೇ ಕಂಡಿತ್ತು. ಒಂದರ ಪಕ್ಕ ಒಂದಿಟ್ಟು ಅವಳು ಯಾವತ್ತೂ ನೋಡಿರಲಿಲ್ಲ.

ಎಡಗಡೆ ತಾನು ಸೋತ ತಾರೀಖುಗಳನ್ನು ಬರೆದಳು. ಬಲಗಡೆ ತಿದ್ದುಪಡಿ ಬಂದ ತಾರೀಖುಗಳನ್ನು.

ಸೋತದ್ದು ಮೂವತ್ನಾಲ್ಕು ಆಟ. ಅದರಲ್ಲಿ ಮೂವತ್ತೆರಡಕ್ಕೆ ಮರುವಾರವೇ ಒಂದು ತಿದ್ದುಪಡಿ. ಅವಳು ಯಾವ ಏಟಿಗೆ ಸೋತಿದ್ದಳೋ ಸರಿಯಾಗಿ ಅದೇ ಏಟಿಗೆ ನಿಷೇಧ. ಜೋಡಿಯಿಲ್ಲದೆ ಉಳಿದದ್ದು ಎರಡು. ಆ ಎರಡು ಶನಿವಾರ ಅವನು ಡ್ಯೂಟಿ ಮೇಲೆ ಬೇರೆ ಊರಿಗೆ ಹೋಗಿದ್ದ. ಅವಳು ಸೋತದ್ದನ್ನು ನೋಡಿರಲಿಲ್ಲ. ಇದಕ್ಕಿಂತ ಸ್ಪಷ್ಟವಾದ ಪುರಾವೆಯನ್ನು ಅವಳು ಕಾಲೇಜಿನಲ್ಲೂ ಕಂಡಿರಲಿಲ್ಲ.

ಕಿವಿ ಬಿಸಿಯಾಯಿತು. ಈಚೆಗೆ ತಾನು ಗೆದ್ದ ಆಟಗಳೆಲ್ಲ ನೆನಪಾದವು. ಗೆದ್ದು ಬಂದ ಸಂಜೆ ದಾರಿಯುದ್ದಕ್ಕೂ ಒಬ್ಬಳೇ ನಗುತ್ತ ನಡೆದದ್ದು ನೆನಪಾಯಿತು. ಅಣ್ಣನಿಗೆ ಗೊತ್ತಿತ್ತು. ಅತ್ತಿಗೆಗೆ ಗೊತ್ತಿತ್ತು. ಹನ್ನೊಂದು ಜನ ಅವಳಿಗೆ ನೋವಾಗದಿರಲೆಂದು ಮೊಣಕಾಲು, ಕಣ್ಣು, ಕೆಲಸ ಎಂದೆಲ್ಲ ಹೇಳಿ ಎದ್ದು ಹೋಗಿದ್ದರು. ಅವಳೊಬ್ಬಳು ಪೆದ್ದಿಯ ಹಾಗೆ ಮೇಜಿನ ಮುಂದೆ ಕೂತು ಗೆಲ್ಲುತ್ತಿದ್ದಳು.

ಕುಲುಮೆ ಎಷ್ಟು ಹೊತ್ತಿನಿಂದ ಕೂಗುತ್ತಿತ್ತೋ. ತೆಗೆದು ನೋಡಿದರೆ ಹಲ್ಲು ಗಾಜಿನಂತೆ ಹೊಳೆಯುತ್ತಿತ್ತು, ಯಾರ ಬಾಯಿಗೂ ಹೊಂದದಷ್ಟು. ಕಸದ ಬುಟ್ಟಿಗೆ ಹಾಕಿ ಮೊದಲಿಂದ ಶುರುಮಾಡಿದಳು.

ಶನಿವಾರ ಅವಳು ಮೆಟ್ಟಿಲು ಹತ್ತಿದ ಸದ್ದಿಗೇ ಅಜ್ಜ ಕಣ್ಣು ಬಿಟ್ಟರು. ಅವನು ಸೇತುವೆಯ ರಟ್ಟಿಗೆ ಗೋಂದು ಹಚ್ಚುತ್ತಿದ್ದ. ಅವಳು ನೋಟ್‌ಬುಕ್ಕನ್ನು ಬಿಚ್ಚಿ ಅವನ ಮುಂದೆ ಕುಕ್ಕಿದಳು.

"ಓದು."

ಎರಡು ವರ್ಷದ ಬಹುವಚನ ಮೆಟ್ಟಿಲಲ್ಲೇ ಬಿದ್ದುಹೋಗಿತ್ತು. ಅವನು ಓದಿದ. ಎಡಗಡೆ, ಬಲಗಡೆ, ಎಡಗಡೆ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಕುತ್ತಿಗೆಯಿಂದ ಕಿವಿಯವರೆಗೆ ಕೆಂಪೇರಿತ್ತು.

"ಇದು..."

"ಕಾಕತಾಳೀಯ ಅಂತ ಹೇಳಬೇಡ. ಆ ಎರಡು ವಾರ ನೀನು ಊರಲ್ಲಿರಲಿಲ್ಲ."

"ಹೇಳಲ್ಲ," ಎಂದ.

"ನಂಗೆ ಆಡೋಕೆ ಬರಲ್ಲ ಅಂದ್ಕೊಂಡ್ಯಾ? ನಾನು ಬಿದ್ದಲ್ಲೆಲ್ಲ ಹಾಸಿಗೆ ಹಾಸೋಕೆ ನಿನ್ನನ್ನ ಯಾರು ಕೇಳಿದ್ರು? ಟೈಲರಕ್ಕ ಎರಡು ವಾರ ತಲೆ ಕೆಡಿಸ್ಕೊಂಡು ಒಂದು ಏಟು ಹುಡುಕಿದ್ರು. ಅದನ್ನ ಒಂದು ಹಾಳೇಲಿ ಅಳಿಸಿಹಾಕ್ದೆ. ನಾನು ಗೆದ್ದ ಒಂದೊಂದು ಆಟನೂ ಸುಳ್ಳು ಮಾಡ್ದೆ. ನಾಲ್ಕು ಪುಟದ ಎಷ್ಟು ಚಂದದ ಆಟ ಕಟ್ಟಿದ್ದೆ ಕಣೋ. ನೀನೇ ಕೈಯಾರೆ ಕೊಂದೆ."

"ಅಜ್ಜಂಗೆ ಗೊತ್ತಿತ್ತಾ ಇದು?" ಎಂದು ಅವನು ತಡವರಿಸಿದ.

"ಇಡೀ ಸ್ಟೇಷನ್ನಿಗೆ ಗೊತ್ತಿತ್ತಪ್ಪ," ಎಂದರು ಅಜ್ಜ. "ಎಲ್ಲರಿಗೂ ಗೊತ್ತು ಅನ್ನೋದು ಡ್ರೈವರಿಗೆ ಮಾತ್ರ ಗೊತ್ತಿರಲಿಲ್ಲ."

ಅವನು ಗೋಂದಿನ ಮುಚ್ಚಳ ಹಾಕಿದ. ಅದು ಸರಿಯಾಗಿ ಕೂರಲು ಸ್ವಲ್ಪ ಹೊತ್ತು ಹಿಡಿಯಿತು.

"ನಮ್ಮ ಕೆಲಸದಲ್ಲಿ ಒಂದು ಅಪಘಾತ ಆದ್ರೆ ಒಂದು ನಿಯಮ ಬರೀತೀವಿ," ಎಂದ. "ಅದೇ ಅಪಘಾತ ಮತ್ತೆ ಆಗಬಾರದು, ಅಷ್ಟೇ. ನೀವು ಗೆದ್ದ ದಿನ ಬ್ರಶ್ಶಿನ ಡಬ್ಬಿ ಇಲ್ಲೇ ಮೇಜಿನ ಮೇಲೆ ಬಿಟ್ಟು ಹೋಗ್ತಿದ್ರಿ. ಸೋತ ದಿನ ಮಾತ್ರ ಡಬ್ಬಿ ಎತ್ಕೊಂಡು ಹೋಗ್ತಿದ್ರಿ. ಎರಡು ವರ್ಷ ನೋಡಿದೀನಿ, ಒಂದು ಸಲನೂ ತಪ್ಪಿಲ್ಲ. ಡಬ್ಬಿ ಹೋಯ್ತು ಅಂದ್ರೆ ಇನ್ನು ನೀವು ಬರಲ್ಲ ಅನ್ನಿಸ್ತಿತ್ತು. ಭಾನುವಾರದಿಂದ ಶುಕ್ರವಾರದವರೆಗೆ ಅದೊಂದೇ ಯೋಚನೆ. ಅದಕ್ಕೇ ಬರೀತಿದ್ದೆ."

ಅವಳು ಮೇಜಿನ ಮೇಲಿದ್ದ ಬ್ರಶ್ಶಿನ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡಳು.

"ಸೋತ ದಿನ ನನ್ನ ಬಿಲ್ಲುಗಾತಿ ಏನಾಗ್ತಾಳೆ?" ಎಂದಳು, ಒಂದೊಂದೇ ಮಾತು ಬಿಡಿಸಿ.

"ಸಾಯ್ತಾಳೆ."

"ಸತ್ತ ಬೊಂಬೆನ ಏನ್ಮಾಡ್ತೀವಿ?"

"ಮೇಜಿನ ಮೇಲೆ ಬೋರಲು ಮಲಗಿಸ್ತೀವಿ."

"ಮಲಗಿಸಿದ್ರೆ ಮೂಗಿನ ಬಣ್ಣ ಹೋಗುತ್ತೆ. ಮನೆಗೆ ತಗೊಂಡು ಹೋಗಿ ಮೂಗಿಗೆ ಬಣ್ಣ ಹಚ್ಚಿ ತರ್ತಿದ್ದೆ. ಅಷ್ಟೇ. ಬರಲ್ಲ ಅಂತ ಅಲ್ಲ. ಮುಂದಿನ ವಾರ ಬರಬೇಕು ಅಂತ."

ಕೆಳಗೆ ಮುದ್ರಣಯಂತ್ರ ಒಮ್ಮೆ ಕೆಮ್ಮಿ ಸುಮ್ಮನಾಯಿತು.

"ಮೂಗಿಗೆ," ಎಂದ ಅವನು.

"ಹೂಂ, ಮೂಗಿಗೆ. ಎರಡು ವರ್ಷದಲ್ಲಿ ಒಂದು ಸಲ ಬಾಯಿಬಿಟ್ಟು ಕೇಳೋಕಾಗ್ತಿರಲಿಲ್ವಾ?"

"ಲಿಫ್ಟನ್ನ ನಾವು ಕೇಳಲ್ಲ. ಪರೀಕ್ಷೆ ಮಾಡ್ತೀವಿ."

"ನಾನು ಲಿಫ್ಟಲ್ಲ."

"ಅಲ್ಲ," ಎಂದ ಅವನು. ಆ ಒಂದು ಪದವನ್ನು ಹೇಳುವಾಗ ಅವನ ಕಣ್ಣು ಅವಳ ಮುಖ ಬಿಟ್ಟು ಕದಲಲಿಲ್ಲ. ಅವಳೇ ಬೇರೆ ಕಡೆ ನೋಡಬೇಕಾಯಿತು. ಸಿಟ್ಟನ್ನು ಬಿಗಿಯಾಗಿ ಹಿಡಿದುಕೊಂಡಳು, ಜಾರಿದರೆ ಮತ್ತೆ ಸಿಗಲಿಕ್ಕಿಲ್ಲವೆಂಬಂತೆ.

"ಮೊದಲಿನ ನಾಲ್ಕು ಪುಟ ತೆಗಿ. ಕೂತ್ಕೋ, ಆಡು. ಎಲ್ಲಾದ್ರೂ ಬಿಟ್ಟುಕೊಟ್ಟೆ ಅಂತ ಗೊತ್ತಾದ್ರೆ ಈ ಜನ್ಮದಲ್ಲಿ ನಿನ್ನ ಮುಖ ನೋಡಲ್ಲ."

ಆಡಿದರು. ಮೊದಲ ಅರ್ಧ ಗಂಟೆ ಇಬ್ಬರೂ ಆಟಕ್ಕೆ ಬೇಕಾದ ಮಾತು ಬಿಟ್ಟು ಬೇರೆ ಆಡಲಿಲ್ಲ. "ಆರು ಅಂಗುಲ." "ಸರಿ." "ನಿನ್ನ ಸರದಿ." ಆದರೆ ನಾಲ್ಕು ಪುಟದ ಆಟ ಹಗುರಾಗಿತ್ತು, ಜಿಂಕೆಯ ಹಾಗೆ ಓಡುತ್ತಿತ್ತು, ಹಾಳೆ ಹುಡುಕಬೇಕಿಲ್ಲ, ಅನುಬಂಧ ನೋಡಬೇಕಿಲ್ಲ. ಅಜ್ಜ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು. ಅವಳು ಸೇತುವೆಯ ಅರ್ಧ ಹಿಡಿದಳು. ಅವನು ಯೋಚಿಸುವಾಗ ನಾಲಿಗೆಯ ತುದಿ ಆ ಗಾಢ ಹಲ್ಲಿಗೆ ತಾಗುತ್ತಿತ್ತು. ಇಷ್ಟು ಕೋಪದಲ್ಲೂ ಅದು ತನಗೆ ಕಾಣುತ್ತಿದೆಯಲ್ಲ ಎಂದು ಅವಳಿಗೆ ತನ್ನ ಮೇಲೇ ಕೋಪ ಬಂತು.

ಎಂದಿನಂತೆ ಅವಳು ಬಿಲ್ಲುಗಾತಿಯನ್ನು ಗೋಪುರದ ಮೇಲೆ ಒಂಟಿಯಾಗಿ ಬಿಟ್ಟಿದ್ದಳು. ಅವನ ಭರ್ಜಿಯವನು ಗೋಪುರದ ಹಿಂದಿನ ಗೋಡೆಗೆ ಬಂದು ನಿಂತಿದ್ದ. ಹತ್ತಬಹುದು. ನಾಲ್ಕು ಪುಟದಲ್ಲಿ ಅಡ್ಡಿಯಿಲ್ಲ. ಅವನ ಕೈ ಬೊಂಬೆಯ ಮೇಲೆ ತಡೆಯಿತು. ಅವಳನ್ನು ನೋಡಿದ. ನಂತರ ಡಬ್ಬಿಯನ್ನು.

"ಹತ್ತು," ಎಂದಳು.

ಹತ್ತಿದ. ದಾಳ ಹಾಕಿದ. ಐದು ಬಿತ್ತು.

ಬಿಲ್ಲುಗಾತಿಯನ್ನು ಅವನೇ ಮಲಗಿಸಬೇಕಿತ್ತು, ಮಲಗಿಸಿದ. ನಿದ್ದೆ ಮಾಡುವವರನ್ನು ಮಲಗಿಸುವ ಹಾಗೆ, ಮೂಗು ಮೇಲೆ ಮಾಡಿ. ಅವಳು ಕೈ ಚಾಚಿ ಅದನ್ನು ಮಗುಚಿ, ಮೂಗು ಕೆಳಗೆ ಮಾಡಿ ಇಟ್ಟಳು.

"ಎಲ್ಲರನ್ನೂ ಮಲಗಿಸೋ ಹಾಗೆ ಮಲಗಿಸು."

ಇನ್ನೆರಡು ಸರದಿಯಲ್ಲಿ ಸೇತುವೆ ಹೋಯಿತು. ಅವಳು ಸೋತಳು. ಪೂರ್ತಿ ಸೋತಳು, ಮೂವತ್ತೈದನೆಯ ಸಲ. ಎಷ್ಟೋ ತಿಂಗಳ ನಂತರ ಕೈಗೆ ಏನೋ ನಿಜವಾದದ್ದು ಸಿಕ್ಕಿದ ಹಾಗಾಯಿತು. ಅವನ ಕೈ ಅಭ್ಯಾಸಬಲದಿಂದ ಅಂಗಿಯ ಜೇಬಿನ ಪೆನ್ನಿಗೆ ಹೋಯಿತು. ಅವಳು ಅಂಗೈ ಮುಂದೆ ಹಿಡಿದಳು. ಅವನು ಪೆನ್ನು ತೆಗೆದು ಆ ಅಂಗೈ ಮೇಲಿಟ್ಟ. ಬೆರಳುಗಳು ಬೇಕಾದ್ದಕ್ಕಿಂತ ಒಂದು ಕ್ಷಣ ಹೆಚ್ಚು ಅಲ್ಲೇ ಇದ್ದವು.

"ನಾಳೆ ಟೈಲರಕ್ಕನ ಮನೆಗೆ ಹೋಗು," ಎಂದಳು. "ಹನ್ನೊಂದು ಮನೆಗೂ ಹೋಗು. ನೀವು ಗೆದ್ದಿದ್ದು ಗೆದ್ದಿದ್ದೇ, ತಪ್ಪು ನಂದು ಅಂತ ಹೇಳು."

"ಯಾಕೆ ಹಾಗೆ ಮಾಡ್ದೆ ಅಂತ ಕೇಳಿದ್ರೆ?"

"ನಿಜ ಹೇಳು."

"ಅದನ್ನ ನಿಮಗೇ ಇನ್ನೂ ಸರಿಯಾಗಿ ಹೇಳಿಲ್ಲ."

"ಹಾಗಾದ್ರೆ ಇಲ್ಲೇ ಹೇಳಿ ಅಭ್ಯಾಸ ಮಾಡ್ಕೋ."

ಅಜ್ಜ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು. "ನಾನು ರಸ್ತೆ ನೋಡ್ತಿದೀನಿ," ಎಂದರು.

ಅವನು ದಾಳವನ್ನು ಮೇಜಿನ ಅಂಚಿಗೆ ಸರಿಸಿದ. "ನೀವಂದ್ರೆ ನಂಗೆ ಇಷ್ಟ," ಎಂದ. "ಆಟಕ್ಕಿಂತ ಜಾಸ್ತಿ. ಆಟ ಕೆಡುವಷ್ಟು."

ಅವಳು ಟೈಲರಕ್ಕನ ಕುರ್ಚಿಯ ಹತ್ತಿರ ಹೋಗಿ, ಕಾಗದದ ಬಂಡಲನ್ನು ಎರಡೂ ಕೈಯಲ್ಲಿ ಎತ್ತಿ ಕೆಳಗಿಟ್ಟಳು. ಕುರ್ಚಿಯ ಧೂಳನ್ನು ಮೂವತ್ತೆರಡನೆಯ ತಿದ್ದುಪಡಿಯಿಂದ ಒರೆಸಿದಳು. ಬಿಲ್ಲುಗಾತಿಯನ್ನೆತ್ತಿ ನೋಡಿದಳು, ಮೂಗಿನ ತುದಿಯಲ್ಲಿ ಸಾಸಿವೆಯಷ್ಟು ಬಿಳಿ ಕಾಣುತ್ತಿತ್ತು. ಅದನ್ನು ಡಬ್ಬಿಯಲ್ಲಿಟ್ಟು, ಮುಚ್ಚಳ ಹಾಕಿ, ಡಬ್ಬಿಯನ್ನು ಮೇಜಿನ ಮೇಲೆಯೇ ಬಿಟ್ಟು, ನೋಟ್‌ಬುಕ್ಕು ಮಾತ್ರ ತೆಗೆದುಕೊಂಡು ಹೊರಟಳು.

ಅವಳು ಮೂರು ಮೆಟ್ಟಿಲು ಇಳಿಯುವಷ್ಟರಲ್ಲಿ ಅವನು ಬಾಗಿಲಿಗೆ ಬಂದಿದ್ದ.

"ಡಬ್ಬಿ ಬಿಟ್ಟು ಹೋಗ್ತಿದೀರಾ. ನೀವು ಸೋತಿದೀರಾ."

"ಗೊತ್ತು. ಮೂಗಿಗೆ ಮುಂದಿನ ಶನಿವಾರ ಇಲ್ಲೇ ಕೂತು ಹಚ್ತೀನಿ."

ಅವನು ನಕ್ಕ. ಅರ್ಧ ಛಾಯೆ ಗಾಢವಾದ ಆ ಹಲ್ಲು ಎರಡು ವಾರದ ನಂತರ ಬೆಳಕು ಕಂಡಿತು.

"ಕೋಪ ಹೋಯ್ತಾ?"

"ಇಲ್ಲ," ಎಂದಳು ಅವಳು, ಕಂಬಿ ಹಿಡಿದು ಇಳಿಯುತ್ತ. "ಅದನ್ನ ಮನೆಗೆ ತಗೊಂಡು ಹೋಗ್ತಿದೀನಿ."