ತಾಯಿತದೊಳಗಿನ ಟ್ರ್ಯಾಕರ್

"ಗುಡಿ ತಾಯಿತಾನ ಯಾವ ಕಳ್ಳನೂ ಕಿತ್ತು ಬಿಸಾಕಲ್ಲ ರೀ," ಎಂದು ನನ್ನ ಹೆಂಡತಿ ಸಯೊಕೊ, ಕಾರಿನ ಕನ್ನಡಿಗೆ ಕಟ್ಟಿದ್ದ ಕೆಂಪು ತಾಯಿತದೊಳಗೆ ಟ್ರ್ಯಾಕರ್ ಇಟ್ಟು ಹೊಲಿದಳು.

"ಕಳ್ಳನಿಗೆಂಥ ಭಕ್ತಿ ಮಾರಾಯ್ತಿ," ಎಂದು ನಕ್ಕೆ.

ಜಪಾನಿನ ಮಿತೊ ಊರಿನ ನಮ್ಮ ಮನೆಯಿಂದ ಕಾರು ಕಳುವಾದಾಗ, ನನ್ನ ಫೋನಿನ ನಕ್ಷೆಯಲ್ಲಿ ಓಡುತ್ತಿದ್ದ ಚುಕ್ಕೆಯನ್ನು ನೋಡಿಯೇ ಪೊಲೀಸರು ಬೆನ್ನಟ್ಟಿದರು. ಕಳ್ಳ ಸೇತುವೆಯ ಕಂಬಕ್ಕೆ ಗುದ್ದಿ ಸತ್ತ. ಸ್ಟೀರಿಂಗ್ ಅವನ ಎದೆಗೂಡನ್ನು ಮುರಿದು ಒಳಗೆ ಹೊಕ್ಕಿತ್ತು. ತಾಯಿತ ಮಾತ್ರ ಸಿಗಲಿಲ್ಲ.

ಅವನ ಹೆಣ ಸುಟ್ಟ ಸಂಜೆಯಿಂದ ನಕ್ಷೆಯ ಆ ಚುಕ್ಕೆ, ಕುಂಟುವವನ ವೇಗದಲ್ಲಿ, ದಿನವೂ ನಮ್ಮ ಬೀದಿಗೆ ಬರತೊಡಗಿತು. ಅದು ಬಂದು ನಿಂತಾಗ ಕಾರಿಲ್ಲದ ನಮ್ಮ ಖಾಲಿ ಶೆಡ್ಡಿನ ನೆಲ ಬೆಚ್ಚಗಾಗುತ್ತಿತ್ತು, ಸುಟ್ಟ ರಬ್ಬರಿನ ವಾಸನೆ ಬರುತ್ತಿತ್ತು.

ಇವತ್ತು ಬೆಳಿಗ್ಗೆ ಸಯೊಕೊ ನರಳುತ್ತ ಎದ್ದಳು. ಎದೆಯ ಮೇಲೆ ಸ್ಟೀರಿಂಗಿನಷ್ಟೇ ಅಗಲಕ್ಕೆ ರಕ್ತ ಹೆಪ್ಪುಗಟ್ಟಿತ್ತು. ಬಲಗೈ ಮುಷ್ಟಿ ಬಿಗಿದಿತ್ತು.

"ಬಿಚ್ಚೋಕೆ ಆಗ್ತಿಲ್ಲ ರೀ," ಎಂದಳು.

ಬೆರಳ ಸಂದಿಯಿಂದ ಕೆಂಪು ದಾರ ಇಳಿಬಿದ್ದಿತ್ತು.